ಗುಂಡನ್ನು ಒಡಲಲ್ಲಿಟ್ಟುಕೊಂಡ ತೋಟಾ

ನಾನು ಒಂದು ತೋಟಾ. ಕವಚ ಹೊದ್ದ ಸೇನಾ ವಾಹನದ ಫಿರಂಗಿಗೆಂದು ಹುಟ್ಟಿದವನು. ನನ್ನ ಹಿರಿಯರೆಲ್ಲ ಉದ್ದುದ್ದ. ಅವರ ಗುಂಡು ಮೂತಿಯಂತೆ ಹೊರಗೆ ಚಾಚಿಕೊಂಡಿರುತ್ತಿತ್ತು. ನನ್ನ ಗುಂಡು ಮಾತ್ರ ಪೂರ್ತಿ ಒಡಲೊಳಗೇ ಅಡಗಿತ್ತು, ಸುತ್ತಲೂ ಮದ್ದು ತುಂಬಿತ್ತು. ಹೊರಗಿನಿಂದ ನೋಡಿದರೆ ಗಿಡ್ಡನೆಯ ಡಬ್ಬಿ, ಅಷ್ಟೆ.

ನನ್ನನ್ನು ರೂಪಿಸಿದವರು ಜೆಸಿಂತಾ ಲೋಬೊ ಎಂಬ ಇಂಜಿನಿಯರ್. ನನಗಿಂತ ಮೊದಲು ಅವರು ಮಾಡಿದ ಗಿಡ್ಡ ತೋಟಾಗಳು ಪರೀಕ್ಷೆಯಲ್ಲಿ ಸೋತಿದ್ದವು. ಸಿಡಿದಾಗ ಅಂಚಿನಿಂದ ಬಿಸಿಗಾಳಿ ಸೋರಿ, ತೋಟಾ ಕಚ್ಚಿಕೊಂಡು ಫಿರಂಗಿ ನಿಂತುಬಿಟ್ಟಿತ್ತು. "ಇನ್ನೊಂದು ಸಲ ನೋಡೋಣ. ಆಗದಿದ್ದರೆ ಹಳೆಯದೇ ಇರಲಿ" ಎಂದಿದ್ದರು ಮೇಲಿನವರು. ಜೆಸಿಂತಾ ನನ್ನ ಎರಡೂ ತುದಿಯ ಅಂಚಿಗೆ ಬಳೆಯಂಥ ಹೊಸ ಬಗೆಯ ಪಟ್ಟಿ ಕೂರಿಸಿದರು. ಒಳಗಿನ ಒತ್ತಡ ಹೆಚ್ಚಿದಷ್ಟೂ ಅದು ಇನ್ನಷ್ಟು ಬಿಗಿಯಾಗುವಂಥದ್ದು.

ಪರೀಕ್ಷಾ ಮೈದಾನದಲ್ಲಿ ನಾನು ಹವಾಲ್ದಾರ್ ನಿಂಗಪ್ಪ ಹೊಸಮನಿಯವರ ಕೈಗೆ ಬಂದೆ. ವಿಜಯಪುರದ ಕಡೆಯವರು, ಫಿರಂಗಿ ನಡೆಸುವುದರಲ್ಲಿ ಪಳಗಿದವರು. ನನ್ನನ್ನು ಅಂಗೈಯಲ್ಲಿ ತೂಗಿ ನೋಡಿ ಜೆಸಿಂತಾ ಕಡೆಗೆ ತಿರುಗಿದರು.

"ಮೇಡಂ, ನಮ್ಮ ಗಾಡಿ ಮಗುಚಿ ಬೆಂಕಿ ಹತ್ತಿದಾಗ ಹಿಂದಿನ ಬಾಗಿಲಿಗೆ ಹೋಗಾಕ ದಾರೀನ ಇರಲಿಲ್ಲರಿ. ಎಲ್ಲಾ ಕಡೆ ತೋಟಾ ಪೆಟ್ಟಿಗಿ. ನಮ್ಮ ಡ್ರೈವರ್ ಶೇಷರಾವ್ ಒಳಗ ಉಳದ. ಇವು ಪಾಸಾದ್ರ ಆ ಪೆಟ್ಟಿಗಿ ಸಣ್ಣು ಆಗ್ತಾವ."

ಜೆಸಿಂತಾ ನನ್ನ ಅಂಚಿನ ಪಟ್ಟಿಯನ್ನು ಇನ್ನೊಮ್ಮೆ ಬೆರಳಿನಿಂದ ಸವರಿ ನೋಡಿದರು. "ಹಾಗಾದರೆ ಇವತ್ತು ಸೋಲೋದು ಬೇಡ, ಹವಾಲ್ದಾರರೇ" ಎಂದರು.

ನಮ್ಮನ್ನು ಸಾಲಾಗಿ ಫಿರಂಗಿಗೆ ತುಂಬಿ ಎಲ್ಲರೂ ದೂರದ ಕಾಂಕ್ರೀಟ್ ಗೋಡೆಯ ಹಿಂದೆ ಸರಿದರು. ನಿಂಗಪ್ಪ ಅಲ್ಲಿಂದಲೇ ಗುಂಡಿ ಒತ್ತಿದರು. ಹಿಂದೆ ಬರುವ ತೋಟಾ ಮುಂದಿನದರ ಖಾಲಿ ಡಬ್ಬಿಯನ್ನು ಹೊರಗೆ ತಳ್ಳುವುದು ಈ ಫಿರಂಗಿಯ ರೀತಿ. ನನ್ನ ಒಡಹುಟ್ಟಿದವರು ಒಬ್ಬೊಬ್ಬರಾಗಿ ಸಿಡಿದು ಹೊರಬಿದ್ದರು. ಕೊನೆಗೆ ನನ್ನ ಸರದಿ. ಒಡಲಲ್ಲಿ ಬೆಂಕಿ ಎದ್ದಿತು. ಸೀಳಿಹೋಗುತ್ತೇನೆ ಎನ್ನಿಸಿತು, ಅಂಚು ಬಿಗಿಹಿಡಿದೆ. ಗುಂಡು ನನ್ನನ್ನು ಬಿಟ್ಟು ಹಾರಿತು. ದೂರದಲ್ಲಿ ಗುರಿಯಾಗಿ ನಿಲ್ಲಿಸಿದ್ದ ಉಕ್ಕಿನ ಹಲಗೆ ಮೊಳಗಿತು.

ನನ್ನನ್ನು ತಳ್ಳಲು ಹಿಂದೆ ಯಾರೂ ಇರಲಿಲ್ಲ. ಫಿರಂಗಿ ಆರುವ ತನಕ ಕಾದು, ಜೆಸಿಂತಾ ಅವರನ್ನು ಕರೆದುಕೊಂಡು ನಿಂಗಪ್ಪ ಬಂದರು. ಬೆರಳಿನಿಂದ ಮೆಲ್ಲಗೆ ಒತ್ತಿದರು. ನಾನು ಸಲೀಸಾಗಿ ಜಾರಿ ಅವರ ಕೈಗೆ ಬಿದ್ದೆ.

"ಕಚ್ಚಿಲ್ಲರಿ ಮೇಡಂ. ತಾನ ಬಂತು ನೋಡ್ರಿ."

ಜೆಸಿಂತಾ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಆಮೇಲೆ ನಕ್ಕರು, ಜೋರಾಗಿ. ಗೋಡೆಯ ಹಿಂದಿದ್ದವರೆಲ್ಲ ಚಪ್ಪಾಳೆ ತಟ್ಟುತ್ತ ಓಡಿಬಂದರು.

ಮರುವರ್ಷ ಹೊಸ ಗಾಡಿ ಬಂತು. ಒಳಗೆ ಪೆಟ್ಟಿಗೆಗಳು ಒಂದು ಮೂಲೆಗೆ ಸೇರಿದ್ದವು. ನಿಂಗಪ್ಪ ತಮ್ಮ ಆಸನದಿಂದೆದ್ದು ಎಲ್ಲೂ ತಡೆಯಿಲ್ಲದೆ ಹಿಂದಿನ ಬಾಗಿಲು ದಾಟಿ ಬಿಸಿಲಿಗೆ ಬಂದರು. ಶೇಷರಾವ್ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿದರು.

ಈಗ ನಾನು ತರಬೇತಿ ಶಾಲೆಯ ಮೇಜಿನ ಮೇಲಿದ್ದೇನೆ. ಮೈ ಕಪ್ಪಗಾಗಿದೆ. ಅಲ್ಲಿ ಪಾಠ ಹೇಳುವವರು ನಿಂಗಪ್ಪನವರೇ. ಮೊನ್ನೆ ಹೊಸ ಸೈನಿಕನೊಬ್ಬ ನನ್ನೊಳಗೆ ಇಣುಕಿ, "ಸರ್, ಇದರೊಳಗ ಏನೂ ಇಲ್ಲಲ್ಲರಿ" ಎಂದ.

"ಇದ್ದದ್ದು ಗುರಿ ಮುಟ್ಟೇತಿ" ಎಂದರು ನಿಂಗಪ್ಪ.