ಕುಡಿಕೆಗಳ ದನಿ

ಗಾಳಿಗಿರಣಿಯ ರೆಕ್ಕೆಗಳ ಹಗ್ಗಗಳಿಗೆ ಕಟ್ಟಿದ್ದ ಮಣ್ಣಿನ ಕುಡಿಕೆಗಳು ಒಂದೊಂದಾಗಿ ಎಚ್ಚರಗೊಂಡವು. ಮೊದಲು ದೊಡ್ಡವು ಹೂಂಗುಟ್ಟಿದವು, ಆಮೇಲೆ ಸಣ್ಣವು ಮೆಲ್ಲಗೆ ಸಿಳ್ಳು ಹಾಕಿದವು. ಎಷ್ಟೋ ವರ್ಷ ಸತ್ತಂತೆ ನಿಂತಿದ್ದ ಗಿರಣಿ ಬಿಳಿ ಬಟ್ಟೆಯ ರೆಕ್ಕೆ ಬಿಚ್ಚಿ ನಿದ್ದೆಗಣ್ಣಲ್ಲೇ ತಿರುಗತೊಡಗಿತು. ಗುಡ್ಡದ ಕೆಳಗಿನ ದ್ರಾಕ್ಷಿತೋಟ, ಅದರಾಚೆಯ ಸಮುದ್ರ, ಎಲ್ಲವೂ ಆ ದನಿಯ ಮೇಲೆ ತೇಲುತ್ತಿರುವಂತೆ ಇದಲೀನಳಿಗೆ ಕಂಡಿತು.

"ಹೇಗಿದೆ ಅಕ್ಕಾ?" ಗಿರಣಿಯ ರಿಪೇರಿಗೆ ಓಡಾಡಿದ್ದ ಪಂಚಾಯಿತಿ ಅಧ್ಯಕ್ಷ ಜೆರ್ವಾಸಿಯು, ನೋಡಲು ನೆರೆದ ಜನರ ನಡುವೆ ನಿಂತು ಕೇಳಿದ.

"ನೀನು ಬಳಿಸಿದ ಸುಣ್ಣ ಚೆನ್ನಾಗಿದೆ. ಉಳಿದಿದ್ದೆಲ್ಲ ನನ್ನ ಗಂಡನ ಕೆಲಸ."

"ನಿನ್ನ ಬಾಯಿಗೂ ಒಂದು ಕೈ ಸುಣ್ಣ ಬಳಿಸಬೇಕಿತ್ತು." ನಕ್ಕವನು ದನಿ ತಗ್ಗಿಸಿದ. "ಬೆಲ್ಮೀರಣ್ಣಂಗೆ ಕಿವಿ ಕೇಳಿಸಲ್ಲ ಅಂತಾರೆ ಜನ. ನಿಜವಾದ್ರೆ ರೆಕ್ಕೆ ಬಿಗಿದು ಬೀಗ ಹಾಕ್ಬೇಕಾಗುತ್ತೆ. ಬೀಸದಿದ್ರೂ ನೋಡೋಕಂತೂ ಗಿರಣಿ ಇದ್ದೇ ಇರುತ್ತೆ."

"ಜನಕ್ಕೆ ಬೇರೆ ಕೆಲಸ ಇಲ್ಲ. ಇರುವೆ ಕೆಮ್ಮಿದ್ರೂ ಕೇಳಿಸುತ್ತೆ ಅವನಿಗೆ."

ಅದು ಶುದ್ಧ ಸುಳ್ಳು. ಬೆಲ್ಮೀರು ಹೆಂಡತಿಗೂ ಹೇಳಿಕೊಂಡಿರಲಿಲ್ಲ. ತುಟಿ ನೋಡಿ ಉತ್ತರ ಕೊಟ್ಟು ದಿನ ತಳ್ಳುತ್ತಿದ್ದ. ಬೆನ್ನ ಹಿಂದೆ ನಿಂತು ಬೈದರೆ ಮಾತ್ರ ತಿರುಗಿ ಬೈಯುತ್ತಿರಲಿಲ್ಲ. ಇದಲೀನಳಿಗೆ ಗೊತ್ತಾದದ್ದು ಹಾಗೆ. ದಪ್ಪ ಗೋಡೆಯೊಳಗೆ ಬೀಸುವ ಕಲ್ಲಿನ ಮುಂದೆ ಕೂತವನಿಗೆ ಹೊರಗಿನ ಗಾಳಿ ಕಾಣುವುದಿಲ್ಲ. ಕುಡಿಕೆಗಳ ದನಿ ಏರಿದರೆ ಗಾಳಿ ಬಲವಾಯಿತೆಂದು ತಿಳಿದು ಕಲ್ಲು ನಿಲ್ಲಿಸಿ, ರೆಕ್ಕೆಯ ಬಟ್ಟೆ ಸುತ್ತಬೇಕು. ತಡವಾದರೆ ಹಿಟ್ಟು ಹೊತ್ತುತ್ತದೆ, ರೆಕ್ಕೆ ಮುರಿಯುತ್ತದೆ.

ಸಮುದ್ರದ ಕಡೆಯಿಂದ ಗಾಳಿ ಹೊರಳಿತು. ಸಣ್ಣ ಕುಡಿಕೆಗಳು ಚೀರಿದವು. ರೆಕ್ಕೆಗಳು ನಿಲ್ಲಲಿಲ್ಲ. ಜೆರ್ವಾಸಿಯು ತಲೆಯೆತ್ತಿದ.

"ಅಯ್ಯೋ, ಮುದುಕನಿಗೆ ವೈನ್ ಕೊಡೋದೇ ಮರೆತೆ," ಎಂದವಳೇ ಇದಲೀನ ಹೂಜಿ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಮೇಲೆ ಕಿಟಕಿಯ ಬಿಸಿಲಿನಲ್ಲಿ ಹಿಟ್ಟು ಹೊಗೆಯಂತೆ ತೇಲುತ್ತಿತ್ತು. ಅದರ ನಡುವೆ ಬೆಲ್ಮೀರು ಸುರಿಯುವ ಮೆಕ್ಕೆಜೋಳದ ಹಿಟ್ಟಿಗೆ ಬೆರಳೊಡ್ಡಿ, ಕನಸು ಕಾಣುವ ಮಗುವಿನಂತೆ ನಗುತ್ತಾ ಕೂತಿದ್ದ. ಅವಳಿಗೆ ಸಿಟ್ಟು ನೆತ್ತಿಗೇರಿತು. ಬೆನ್ನಿಗೊಂದು ಗುದ್ದಿ ಮೇಲಕ್ಕೆ, ರೆಕ್ಕೆಗಳತ್ತ ಕೈ ತೋರಿಸಿದಳು. ಅವನು ಬೆಚ್ಚಿ ಅವಳ ಮುಖ ನೋಡಿದ, ಬ್ರೇಕಿನ ಹಗ್ಗಕ್ಕೆ ಜೋತುಬಿದ್ದ. ಕಲ್ಲು ನರಳಿ ನಿಂತಿತು.

"ಯಾವತ್ತಿಂದ ಗೊತ್ತು ನಿಂಗೆ?"

"ಕತ್ತೆ ಅಂದ್ರೂ ಸುಮ್ಮನಿದ್ದೆಯಲ್ಲ, ಆವತ್ತಿಂದ."

"ಬೀಗ ಹಾಕ್ತಾರಾ?"

ಅವಳು ಉತ್ತರಿಸುವ ಮೊದಲೇ ಕೆಳಗಿನಿಂದ ಜೆರ್ವಾಸಿಯು ಕೂಗಿದ. "ಎಲ್ಲಾ ಸರಿ ಇದೆಯಾ ಅಕ್ಕಾ?"

"ಸರಿ ಇರದೆ ಏನು? ಗಾಳಿ ಏರ್ತು, ನಿಲ್ಲಿಸಿದ. ನಿನ್ನ ಕಿವಿಗೆ ಕೇಳಿಸಲಿಲ್ವೇನು?"

ಕೆಳಗೆ ಜನ ಗೊಳ್ಳೆಂದು ನಕ್ಕರು. ಬೆಲ್ಮೀರು ಹೊರಗೆ ಹೋಗಿ ಬಟ್ಟೆಗಳನ್ನು ಅರ್ಧಕ್ಕೆ ಸುತ್ತಿ ಬಂದ. ಗಿರಣಿ ಮತ್ತೆ ತಿರುಗಿತು. ಇದಲೀನ ಇಳಿದು ಹೋಗಲಿಲ್ಲ. ಖಾಲಿ ಚೀಲವೊಂದನ್ನು ಮಡಿಸಿ ಅವನ ಹಿಂದೆ ಕೂತು, ಭುಜದ ಮೇಲೆ ಕೈಯಿಟ್ಟಳು. ದೊಡ್ಡ ಕುಡಿಕೆಗಳು ಹೂಂಗುಟ್ಟುವಾಗ ಅಂಗೈ ಸುಮ್ಮನಿರುತ್ತಿತ್ತು, ಸಣ್ಣವು ದನಿಯೆತ್ತಿದರೆ ಬೆರಳುಗಳು ಬಿಗಿಯುತ್ತಿದ್ದವು.

ಅವನು ಕಣ್ಣು ಮುಚ್ಚಿಕೊಂಡ. ಅವಳ ಮುಂಗೈಯ ಮೇಲೆ ಹಿಟ್ಟು ತೆಳ್ಳಗೆ, ಸದ್ದಿಲ್ಲದೆ ಇಳಿಯುತ್ತಿತ್ತು.