ದಿಂಬಿನೊಳಗಿನ ಪಟ್ಟಿ

"ಮಾದರಿ ಇಲ್ದ ಪಟ್ಟಿಗೆ ಹಾಸಿನ ನೂಲು ಹೂಡಂದ್ರ ಹ್ಯಾಂಗ ಹೂಡ್ಲಿ ಯವ್ವಾ? ಕಣ್ಣ ಕಟ್ಟಿ ಸೂಜಿ ಪೋಣಸಂದಂಗಾತು," ಎಂದರು ಅಂದಾನಪ್ಪ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ. "ಒಮ್ಮೆ ಕೆಂಪಿತ್ತಂತಿ, ಒಮ್ಮೆ ಕಂದಿತ್ತಂತಿ. ನಡುವ ಬಿಳಿ ಗೆರಿ ಎರಡೋ ಮೂರೋ ಅದೂ ನೆನಪಿಲ್ಲಂತಿ. ಇದೇನ್ ಲಗ್ನದ ಹುಡುಗನ ಮೈಬಣ್ಣ ಏನು, ಅಂದಾಜಿನ ಮ್ಯಾಲ ಒಪ್ಕೊಳ್ಳಾಕ?"

ಹಿಂದೆ ಲಾಳಿಗೆ ಹಾಕುವ ನೂಲಿನ ಕಂಡಿಕಿ ಸುತ್ತುತ್ತ ಕುಳಿತಿದ್ದ ಅವರ ಹೆಂಡತಿ ಹನಮಂತವ್ವ ಕಿಸಕ್ಕನೆ ನಕ್ಕರು. ನಜಮಾಳಿಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ಅವಳ ಅಂಗೈಯಲ್ಲಿ ಅಪ್ಪನ ಪದಕವಿತ್ತು. ಚಹದ ಕಪ್ಪಿನ ತಳದಷ್ಟು ಅಗಲ. ಅಂಚಿನ ಸುತ್ತ ಸಣ್ಣ ಅಕ್ಷರಗಳಲ್ಲಿ ಅಪ್ಪನ ನಂಬರು, ಅಪ್ಪನ ಹೆಸರು, ರಹಮಾನಸಾಬ. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿಯ ಹೊಳೆಗಳಿಗೆ ಸೇತುವೆ ಕಟ್ಟಿದ ಪಡೆಯಲ್ಲಿದ್ದವ. ಪದಕದ ಮೇಲ್ಗಡೆ ಪಟ್ಟಿ ಇರಬೇಕಾದ ಜಾಗದಲ್ಲಿ ಬರೀ ಒಂದು ಬಳೆ, ಬೋಳು ಕೊರಳಿನ ಹಾಗೆ.

ನಜಮಾ ಲಕ್ಷ್ಮೇಶ್ವರದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಬೆಟಗೇರಿಯ ಈ ನೇಕಾರರ ಮನೆಗೆ ಇಪ್ಪತ್ತು ವರ್ಷದ ಗಿರಾಕಿ. ಗಿರಾಕಿ ಅನ್ನುವ ಮಾತು ಹಳೆಯದಾಗಿ, ಈಗ ಬಂದರೆ ಮೊದಲು ರೊಟ್ಟಿ, ಆಮೇಲೆ ವ್ಯವಹಾರ. ಇವತ್ತು ಮಂಗಳವಾರ. ಶುಕ್ರವಾರ ಸಂಜೆ ಅವಳು ಗದಗಿನಿಂದ ಬೆಂಗಳೂರಿನ ರೈಲು ಹತ್ತಬೇಕು. ಶನಿವಾರ ಮಗಳು ತಸ್ಲೀಮ ಸೈನ್ಯದ ತರಬೇತಿ ಮುಗಿಸಿ, ಮೈದಾನದಲ್ಲಿ ಕವಾಯತು ಮಾಡಿ, ಪ್ರಮಾಣ ಮಾಡುವವಳಿದ್ದಳು. ಫೋನಿನಲ್ಲಿ ಹೇಳಿದ್ದಳು: "ಅವ್ವಾ, ತೀರಿಕೊಂಡ ಸೈನಿಕರ ಪದಕ ಮನಿಯವ್ರು ಹಾಕ್ಕೊಂಡ ಬರಬಹುದಂತ. ಆದರ ಬಲಗಡಿ ಎದಿ ಮ್ಯಾಲ. ಎಡಗಡಿ ಗಳಿಸಿದವ್ರಿಗೆ, ಬಲಗಡಿ ಉಳದವ್ರಿಗೆ. ಅಜ್ಜನ್ನ ಕರಕೊಂಡ ಬಾ."

ಅಜ್ಜನನ್ನು ಕರಕೊಂಡು ಬಾ ಅಂದರೆ ಹೇಗೆಂದರೆ ಹಾಗೆ ಕರಕೊಂಡು ಹೋಗಲಿಕ್ಕಾಗುತ್ತದೆಯೇ? ಗಂಡ ಇಲಿಯಾಸ, "ಸೇಫ್ಟಿ ಪಿನ್ ಹಚ್ಚಿ ಸಿಗಿಸ್ಕೋ, ಯಾರ್ ನೋಡ್ತಾರ?" ಎಂದು ಬೈಸಿಕೊಂಡಿದ್ದ. ಫೋನಿನಲ್ಲಿ ತರಿಸಿದ ಪಟ್ಟಿ ಪ್ಲಾಸ್ಟಿಕ್ಕಿನ ಹಾಗೆ ಮಿರಮಿರ ಮಿಂಚಿತ್ತು.

ಅದನ್ನೂ ಅಂದಾನಪ್ಪನಿಗೆ ತೋರಿಸಿದಳು. ಅವರು ಎರಡು ಬೆರಳಲ್ಲಿ ಹಿಡಿದು, "ಇದನ್ನ ಮಿಠಾಯಿ ಡಬ್ಬಿಗೆ ಕಟ್ಟು," ಎಂದು ವಾಪಸ್ಸು ಕೊಟ್ಟರು.

"ಖರೆ ಪಟ್ಟಿ ಎಲ್ಲೆ ಹೋತು ಹಂಗಾರ?" ಹನಮಂತವ್ವ ಕೇಳಿದರು.

"ಮುಂಡರಗ್ಯಾಗ ಐತ್ರಿ ಕಾಕಿ, ನಮ್ಮಣ್ಣನ ಹಂತ್ಯಾಕ."

"ಮುಂಡರಗಿ ಏನ್ ಲಂಡನ್ನ? ಮುಂಜಾನಿ ಬಸ್ ಹತ್ತಿದ್ರ ಬಿಸಲೇರೂದ್ರಾಗ ಅಲ್ಲಿರ್ತಿ."

"ದಾರಿ ಹತ್ರದ್ದ ಐತ್ರಿ. ಮಾತ ದೂರ."

ಮಾತು ದೂರವಾಗಿ ನಾಲ್ಕು ವರ್ಷ. ಅಪ್ಪ ತೀರಿಕೊಂಡ ನಲವತ್ತನೆಯ ದಿನ ಅವ್ವ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಅಪ್ಪನ ಸಾಮಾನು ಹಂಚಿದ್ದಳು. ಅಂಥ ಹಂಚಿಕೆಯನ್ನು ಯಾವ ಪಂಚರೂ ಮಾಡಿರಲಿಕ್ಕಿಲ್ಲ. ಅಪ್ಪನ ಥರ್ಮಾಸು ಮಗ ಖಾಸಿಂಸಾಬನಿಗೆ, ಅದರ ಮುಚ್ಚಳ ನಜಮಾಳಿಗೆ. ಟ್ರಂಕು ಇವಳಿಗೆ, ಕೀಲಿಕೈ ಅವನಿಗೆ. ಕೊನೆಗೆ ಕತ್ತರಿ ತಗೊಂಡು, ಕಚಕ್ ಎಂದು ಪದಕದ ಪಟ್ಟಿಯನ್ನು ಕತ್ತರಿಸಿ, ಪದಕ ಮಗಳ ಕೈಗೆ, ಪಟ್ಟಿ ಮಗನ ಕೈಗೆ. ಇಬ್ಬರೂ ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಖಾಸಿಂಸಾಬ ಎದ್ದು ಚಪ್ಪಲಿ ಮೆಟ್ಟಿ, "ಹೆಣ್ಮಗಳಿಗೆ ಪದಕ, ಗಂಡಮಗಗ ಚಿಂದಿ. ಭೇಷ್ ಆತು," ಎಂದವನು ಹೋದದ್ದೇ. ವರ್ಷದ ಮೇಲೆ ಅವ್ವನೂ ಹೋದಳು. ಮಣ್ಣಿಗೆ ಬಂದಾಗಲೂ ಅವನು ತಂಗಿಯ ಕಡೆ ತಿರುಗಲಿಲ್ಲ.

"ನಾಳಿ ಹೋಗಿ ಬಾ," ಎಂದರು ಅಂದಾನಪ್ಪ. "ಗುರುವಾರ ಮುಂಜಾನಿಯೊಳಗ ಮಾದರಿ ನನ್ನ ಕೈಯಾಗಿದ್ರ ಸಂಜಿಕ ಪಟ್ಟಿ ನಿನ್ನ ಕೈಯಾಗ. ಇಲ್ಲಂದ್ರ ಆ ಮಿಠಾಯಿ ಡಬ್ಬಿ ಪಟ್ಟಿನ ಗತಿ."

ಮರುದಿನ ಬೆಳಿಗ್ಗೆ ನಜಮಾ ಮನೆಯಿಂದ ಗದಗಿಗೆ ಬಂದು ಮುಂಡರಗಿಯ ಬಸ್ಸು ಹತ್ತಿದಳು. ಚೀಲದಲ್ಲಿ ಪದಕವಿತ್ತು, ಥರ್ಮಾಸಿನ ಮುಚ್ಚಳವೂ ಇತ್ತು. ಡಂಬಳದ ಕೆರೆ ಕಾಣುವವರೆಗೆ ಅಣ್ಣನಿಗೆ ಏನೇನು ಅನ್ನಬೇಕೆಂದು ಒಂದೊಂದೇ ಜೋಡಿಸಿಕೊಂಡಳು. ಡಂಬಳ ದಾಟಿದ ಮೇಲೆ ಒಂದೊಂದೇ ಬಿಟ್ಟಳು. ಯಾಕೆಂದರೆ ಅವನು ತಿರುಗಿ ಏನನ್ನುತ್ತಾನೆ ಅನ್ನುವುದು ಅವಳಿಗೆ ಗೊತ್ತಿತ್ತು.

ಇವರದು ನದಾಫರ ಮನೆತನ, ಅರಳೆ ಹಿಂಜಿ ಗಾದಿ ಹೊಲಿಯುವವರು. ಮನೆಯ ಮಾತೂ ಕನ್ನಡವೇ. ಸೈನ್ಯಕ್ಕೆ ಹೋದ ಅಪ್ಪ ಬಿಟ್ಟ ಕಸುಬನ್ನು ಖಾಸಿಂಸಾಬ ಎತ್ತಿಕೊಂಡಿದ್ದ. ಮುಂಡರಗಿಯ ಅವನ ಅಂಗಡಿಯ ಮುಂದೆ ಅವಳು ನಿಂತಾಗ ಯಂತ್ರ ಗರಗರ ತಿರುಗುತ್ತಿತ್ತು. ಅವನ ಹುಬ್ಬು, ಮೀಸೆ, ಟೋಪಿ ಎಲ್ಲದರ ಮೇಲೂ ಅರಳೆ. ತಂಗಿಯನ್ನು ಕಂಡ, ಯಂತ್ರ ನಿಲ್ಲಿಸಿದ. ಗಾದಿಯ ಬಟ್ಟೆ ಕೊಡವುತ್ತ ಗಿರಾಕಿಗೆ ಕೇಳುವ ಧ್ವನಿಯಲ್ಲೇ ಕೇಳಿದ:

"ಏನ್ ಬೇಕಾಗಿತ್ರಿ? ಗಾದಿನೋ, ದಿಂಬೋ?"

"ಅಣ್ಣ ಬೇಕಾಗಿದ್ದ್ರಿ," ಎಂದಳು ನಜಮಾ. "ಅಂಗಡ್ಯಾಗ ಇದ್ರ ತೋರಸ್ರಿ. ಹಳೇದಿದ್ರೂ ನಡಿತೈತಿ."

ಒಳಗಿನಿಂದ ಅವನ ಹೆಂಡತಿ ಬೀಬಿಜಾನ ನಕ್ಕದ್ದು ಕೇಳಿತು. ಖಾಸಿಂಸಾಬನ ಮೀಸೆಯೂ ಒಂದಿಷ್ಟು ಅಲುಗಿತು. ಆದರೆ ಅವನು ಅದನ್ನು ಹಿಡಿದು ನಿಲ್ಲಿಸಿದ.

ನಜಮಾ ಹೊಸ್ತಿಲ ಮೇಲೆ ಕುಳಿತು, ತಸ್ಲೀಮ ಹೇಳಿದ್ದು, ಬಲಗಡೆ ಎದೆಯ ರಿವಾಜು, ಅಂದಾನಪ್ಪ ಕೊಟ್ಟ ಗಡುವು, ಎಲ್ಲ ಒದರಿದಳು. ಅವನು ಸೂಜಿಗೆ ದಾರ ಪೋಣಿಸುತ್ತ ಕೇಳಿದ. ಮೂರು ಸಲ ಪೋಣಿಸಿದರೂ ದಾರ ಹೋಗಲಿಲ್ಲ.

"ಪಟ್ಟಿ ಎಲ್ಲಿಟ್ಟೀನೋ ಏನೋ. ನಾಕ ವರ್ಷಾತು. ಇಲಿ ಕಡದಿರಬೇಕು."

"ಇಲಿ ಕಡದಿಲ್ಲ ನಜಮಾ," ಎಂದು ಬೀಬಿಜಾನ ಚಹದ ಜೊತೆ ಹೊರಗೆ ಬಂದಳು. "ನಿಮ್ಮಣ್ಣ ಊರ ಮಂದಿ ದಿಂಬೆಲ್ಲಾ ವರ್ಷಕ್ಕೊಮ್ಮೆ ಬಿಚ್ಚಿ, ಹಿಂಜಿ, ಮೆತ್ತಗ ಮಾಡಿ ಕೊಡ್ತಾರ. ತಮ್ಮ ದಿಂಬು ಮಾತ್ರ ನಾಕ ವರ್ಷದಿಂದ ಬಿಚ್ಚಿಲ್ಲ. ಕಲ್ಲಾಗೇತಿ. ನಾ ಕೈ ಹಚ್ಚಿದ್ರ ಸಿಟ್ಟಿಗೇಳ್ತಾರ. ಯಾಕ ಅಂತ ಕೇಳು."

"ನೀ ಸುಮ್ನಿರು!"

"ನಾ ಸುಮ್ನಿದ್ದೆ, ಈಕೀ ಸುಮ್ನಿದ್ಲು, ನೀವೂ ಸುಮ್ನಿದ್ರಿ. ಎಲ್ಲಾರೂ ಸುಮ್ನಿದ್ದದ್ದಕ್ಕ ಆಗಿದ್ದೇನು? ನಿಮ್ಮವ್ವ ಸಾಯೂ ಮುಂದ ನನ್ನ ಕೈ ಹಿಡದ ಅಂದಿದ್ಲು, 'ಇಬ್ಬರಿಗೂ ಪೂರಾ ಕೊಟ್ರ ಮನ್ಯಾಗಿಟ್ಟು ಮರತ ಬಿಡ್ತಾರ. ಅರ್ಧರ್ಧ ಕೊಟ್ಟೀನಿ, ಹಬ್ಬಕ್ಕರ ಜೋಡಿಸಾಕ ಒಬ್ಬರ ಮನಿಗೆ ಒಬ್ರು ಹೋಗ್ತಾರ' ಅಂತ. ಪಾಪ, ಮಕ್ಕಳ ಹಟ ಎಷ್ಟು ತೂಕದ್ದಂತ ಆಕಿಗೆ ಅಂದಾಜ ಹತ್ತಲಿಲ್ಲ."

"ನನಗ ಇದನ್ನ ಯಾಕ ಹೇಳಿಲ್ಲ?" ಎಂದ ಖಾಸಿಂಸಾಬ.

"ಹೇಳಾಕ ಬಾಯಿ ತೆಗದ್ರ ಸಾಕು, ಯಂತ್ರ ಚಾಲೂ ಮಾಡ್ತಿದ್ರಿ!"

ಅವನು ಸೂಜಿ ಕೆಳಗಿಟ್ಟ. ನಜಮಾ ಬಸ್ಸಿನುದ್ದಕ್ಕೂ ಹೆದರುತ್ತ ಬಂದಿದ್ದ ಮಾತು ಆಗ ಬಂತು:

"ನನ್ನ ಮಗಳು ಅಫ್ರೀನಳ ಲಗ್ನದಾಗ ಎರಡ ದಿನದ ಮಟ್ಟಿಗೆ ಪದಕ ಕಳಸಂತ ಹೇಳಿ ಕಳಿಸಿದ್ದೆ. ಬೀಗರ ಮುಂದ ಅಪ್ಪಂದೊಂದು ಇರ್ಲಿ ಅಂತ. ಕಳಿಸಿದೇನು? ಈಗ ನಿನ್ನ ಮಗಳ ಪಾಳಿ ಬಂದ ಕೂಡ್ಲೆ ಅಣ್ಣ ನೆನಪಾದ."

ಹೌದು, ಕಳಿಸಿರಲಿಲ್ಲ. ಕೇಳಲು ಬಂದವನಿಗೆ, "ಪದಕ ಕಪಾಟಿನ್ಯಾಗ ಐತಿ, ಕಪಾಟು ಲಕ್ಷ್ಮೇಶ್ವರದಾಗ ಐತಿ, ಬೇಕಾದವ್ರು ಬಂದ ನೋಡ್ಲಿ," ಎಂದು ಕಳಿಸಿದ್ದಳು. ಆ ಹೊತ್ತಿಗೆ ಆ ಮಾತು ಬಹಳ ಚಂದ ಅನ್ನಿಸಿತ್ತು. ಆಮೇಲೆ ಎರಡು ವರ್ಷ ಗಂಟಲಲ್ಲೇ ಕುಳಿತಿತ್ತು.

"ತಪ್ಪಾತು ಅಣ್ಣಾ," ಎಂದಳು. "ಇದಕ್ಕ ನನ್ನ ಹಂತ್ಯಾಕ ಬ್ಯಾರೆ ಮಾತಿಲ್ಲ. ನೀ ಪಟ್ಟಿ ಕೊಟ್ರೂ ನಂದ ತಪ್ಪ, ಕೊಡದಿದ್ರೂ ನಂದ ತಪ್ಪ. ಲಗ್ನಕ್ಕ ನಾನೂ ಬರಬೇಕಿತ್ತು, ಪದಕಾನೂ ತರಬೇಕಿತ್ತು."

ಚೀಲದಿಂದ ಥರ್ಮಾಸಿನ ಮುಚ್ಚಳ ತೆಗೆದು ಅಂಗಡಿಯ ಹಲಗೆಯ ಮೇಲಿಟ್ಟಳು. ಅಲ್ಲೇ ಮೂಲೆಯಲ್ಲಿ ಅಪ್ಪನ ಥರ್ಮಾಸು ನಿಂತಿತ್ತು, ತಲೆಯ ಮೇಲೆ ಸ್ಟೀಲಿನ ಲೋಟ ಬೋರಲು ಹಾಕಿಕೊಂಡು, ಅಳತೆ ಸರಿಯಾಗದ ಟೋಪಿ ಹಾಕಿಕೊಂಡವರ ಹಾಗೆ. ಖಾಸಿಂಸಾಬ ಮುಚ್ಚಳವನ್ನು ನೋಡಿದ, ಮುಟ್ಟಲಿಲ್ಲ. ಎದ್ದು ಒಳಗೆ ಹೋದ.

ಬಂದಾಗ ಕಂಕುಳಲ್ಲಿ ದಿಂಬಿತ್ತು. ಬೀಬಿಜಾನ ಅಂದದ್ದು ಸುಳ್ಳಲ್ಲ, ನಿಜಕ್ಕೂ ಕಲ್ಲೇ. ಕತ್ತರಿಯ ತುದಿಯಿಂದ ಹೊಲಿಗೆ ಬಿಚ್ಚಿ, ಮೊಣಕೈಯವರೆಗೆ ಕೈ ಹಾಕಿ, ಗಟ್ಟಿಯಾದ ಅರಳೆಯ ನಡುವಿನಿಂದ ಒಂದು ಸಣ್ಣ ಗಂಟು ತೆಗೆದ. ಬಿಳಿ ಬಟ್ಟೆಯ ಗಂಟು. ಬಿಚ್ಚಿದರೆ ಪಟ್ಟಿ.

ಮೂವರೂ ಬಗ್ಗಿ ನೋಡಿದರು. ಬಿಸಿಲು ಗಾಳಿ ಏನೂ ತಾಗದೆ ಬಣ್ಣ ನಿನ್ನೆ ಅದ್ದಿದ ಹಾಗಿತ್ತು. ಹಣ್ಣಾದ ಹುಣಸೆಯ ಕಂದು, ಮೇಲೆ ಬಿಳಿ ಗೆರೆ. ಕೆಂಪೆಂದ ನಜಮಾಳ ನೆನಪು ತಪ್ಪಾಗಿತ್ತು. ಬಣ್ಣ ಉಳಿದಿತ್ತು, ಕಸುವು ಉಳಿದಿರಲಿಲ್ಲ. ಅವ್ವನ ಕತ್ತರಿ ಬಿದ್ದಲ್ಲಿ ಎರಡು ತುಂಡು, ಅಂಚಿನ ಎಳೆಗಳು ಮುಟ್ಟಿದರೆ ಬಿಚ್ಚಿಕೊಳ್ಳುತ್ತಿದ್ದವು.

"ಇದು ಪದಕಾ ತಡಿಯಂಗಿಲ್ಲ," ಎಂದ ಖಾಸಿಂಸಾಬ.

"ಮಾದರಿಗೆ ಸಾಕು. ಕೊಡು, ನಾಳಿ ಸಂಜಿಕ ತಿರುಗಿ..."

"ಕೊಡಂಗಿಲ್ಲ."

ನಜಮಾ ಚಾಚಿದ ಕೈ ಹಿಂದೆ ತಗೊಂಡಳು.

"ಯಾರ ಕೈಗೂ ಕೊಡಂಗಿಲ್ಲ," ಎನ್ನುತ್ತ ಅವನು ಗಂಟನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡ. "ನಾನ ಬರ್ತೀನಿ. ನೇಕಾರಂದು ಮನಿ ಯಾವ ಓಣ್ಯಾಗ ಐತಿ, ಅಷ್ಟ ಹೇಳು. ಏ, ನನ್ನ ಹೊಸ ಅಂಗಿ ಇಸ್ತ್ರಿ ಐತೇನು?"

ಗುರುವಾರ ಇಡೀ ದಿನ ಖಾಸಿಂಸಾಬ ಬೆಟಗೇರಿಯಲ್ಲಿ, ಅಂದಾನಪ್ಪನ ಮಗ್ಗದ ಕುಣಿಯ ದಂಡೆಯಲ್ಲಿ ಕುಳಿತಿದ್ದ. ಅಂದಾನಪ್ಪ ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು, ಹಳೆಯ ಪಟ್ಟಿಯ ಎಳೆಗಳನ್ನು ಸೂಜಿಯ ಮೊನೆಯಿಂದ ಎಣಿಸಿದರು. ಸೀರೆಯ ದಡಿಗೆಂದು ಇಟ್ಟಿದ್ದ ರೇಷ್ಮೆಯಲ್ಲಿ ಆ ಕಂದು ಸಿಗದೆ, ಹನಮಂತವ್ವ ನಾಲ್ಕು ಮನೆ ತಿರುಗಿ ಹುಡುಕಿ ತಂದರು. ಮೂರು ಬೆರಳಗಲವೂ ಇಲ್ಲದ ಹಾಸು ಹೂಡಿ ಲಾಳಿ ಆಡಿಸುವಾಗ, ಎರಡೂವರೆ ಮೊಳ ಅಗಲದ ಸೀರೆಗೆ ಒಗ್ಗಿದ ಕೈ ಪದೇ ಪದೇ ಅಗಲಕ್ಕೆ ಹೋಗಿ ಹಿಂದೆ ಬರುತ್ತಿತ್ತು.

"ನಿಮ್ಮಪ್ಪ ಗಡಿ ಕಾದಿದ್ದು ಖರೆ," ಎಂದರು ಅಂದಾನಪ್ಪ. "ನಿನ್ನ ನೋಡಿದ ಮ್ಯಾಲ ನಂಬಿದೆ ಮಾರಾಯ. ರೆಪ್ಪಿ ಹೊಡಿ ಒಮ್ಮೆ."

"ಗೆರಿ ಸ್ವಲ್ಪ ದಪ್ಪಾತೇನ್ರಿ?"

"ನಾ ನಿನ್ನ ಅಂಗಡಿಗೆ ಬಂದು ಅರಳಿ ಕಡಿಮಿ ಆತು ಅಂತೀನೇನು? ಸುಮ್ನ ಕುಂಡ್ರು."

ಸಂಜೆ ದೀಪ ಹಚ್ಚುವ ಮುಂಚೆ ಪಟ್ಟಿ ಮಗ್ಗದಿಂದ ಇಳಿಯಿತು. ನಜಮಾ ಅದನ್ನು ಪದಕದ ಬಳೆಯಲ್ಲಿ ತೂರಿಸಿ, ಮಡಚಿ, ಕಾಣದ ಹಾಗೆ ಹೊಲಿಗೆ ಹಾಕಿದಳು. ಪದಕ ನೆಟ್ಟಗೆ ತೂಗಾಡಿತು. ಹಳೆಯ ತುಂಡುಗಳನ್ನು ಖಾಸಿಂಸಾಬ ಮತ್ತೆ ಬಿಳಿ ಬಟ್ಟೆಯಲ್ಲಿ ಕಟ್ಟಿ ಜೇಬಿಗಿಟ್ಟ.

"ಅಣ್ಣಾ, ಶನಿವಾರ ಇದನ್ನ ನೀ ಹಾಕ್ಕೋ," ಎಂದಳು ನಜಮಾ. "ಅಫ್ರೀನಳ ಲಗ್ನದ ಬಾಕಿ ಐತಿ ನಂದು."

"ನನಗ ಟಿಕೇಟ್ ಎಲ್ಲೈತಿ?"

"ಮೂರು ತೆಗಿಸೀನಿ. ನಂದೊಂದು, ನಮ್ಮ ಮನಿಯವರದೊಂದು, ನಿಂದೊಂದು. ಹೋದ ವಾರನ."

"ಹೋದ ವಾರ? ನಾ ಬರಲಿಲ್ಲಂದಿದ್ರ?"

"ಖಾಲಿ ಸೀಟಿನ ಮ್ಯಾಲ ನಿನ್ನ ದಿಂಬು ಕುಂಡ್ರಿಸಿಕೊಂಡ ಹೋಗ್ತಿದ್ದೆ. ನಿನಗೂ ಅದಕ್ಕೂ ಏನ್ ಫರಕ್ಕು? ಎರಡೂ ಕಲ್ಲ."

ಹನಮಂತವ್ವನಿಗೆ ನಕ್ಕು ನಕ್ಕು ಕೆಮ್ಮು ಬಂತು. ಖಾಸಿಂಸಾಬ ಪದಕವನ್ನು ತಂಗಿಯ ಕಡೆಗೇ ಸರಿಸಿದ.

"ಮಗಳು ನಿನ್ನಾಕಿ, ನೀನ ಹಾಕ್ಕೋ. ಆ ಹುಡುಗಿ ಅಷ್ಟ ಮಂದ್ಯಾಗ ಹುಡುಕೋದು ತಾಯಿ ಮಾರಿನ. ಬರೂ ಹಬ್ಬಕ್ಕ ಮುಂಡರಗಿಗೆ ತಗೊಂಡ ಬಾ, ಅವತ್ತ ನಾ ಹಾಕ್ಕೋತೀನಿ."

"ಹಂಗಾರ ಬೆಂಗಳೂರಾಗ ನಿಂದೇನ್ ಕೆಲಸ?"

"ಚಾ ಹಿಡಕೊಂಡ ಬರೋದು."

ಅವನು ಪಕ್ಕದ ಚೀಲಕ್ಕೆ ಕೈ ಹಾಕಿ ಅಪ್ಪನ ಥರ್ಮಾಸು ತೆಗೆದ. ಅದರ ತಲೆಯ ಮೇಲೆ ಲೋಟವಿರಲಿಲ್ಲ, ಅದರದೇ ಮುಚ್ಚಳವಿತ್ತು. ತಿರುಗಿಸಿ ತೆಗೆದು, ಅದರಲ್ಲೇ ಅಂದಾನಪ್ಪನಿಗೆ ಚಹ ಬಗ್ಗಿಸಿ ಕೊಟ್ಟ. ಅವರು ಕುಡಿದು ಕೊಟ್ಟ ಮೇಲೆ ಸೆರಗಿನಂಚಿನಿಂದ ನಜಮಾ ಅದನ್ನು ಒರೆಸಿದಳು. ಖಾಸಿಂಸಾಬ ಥರ್ಮಾಸಿನ ಬಾಯಿಗಿಟ್ಟು ಮೂರು ಸುತ್ತು ತಿರುಗಿಸಿದ. ಆಮೇಲೆ ಥರ್ಮಾಸನ್ನು ತಲೆಕೆಳಗು ಹಿಡಿದು, ಕಂಡಿಕಿಯ ಬುಟ್ಟಿಯ ಮೇಲೇ, ಒಮ್ಮೆ ಜೋರಾಗಿ ಅಲುಗಾಡಿಸಿ ನೋಡಿದ. ಒಂದು ಹನಿಯೂ ಸೋರಲಿಲ್ಲ.