ಡಬ್ಬಿಗೊಂದು ಅಂಗಿ

ಟೈಲರ್ ಮಾವನಿಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯಲು ಹೋಗಲೇ ಇಲ್ಲವೆಂದಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಯೇ ಗುರುವಾಗಿ ಪಕ್ಕದಲ್ಲಿ ಕೂತು, ಕ್ಲಚ್ಚು ಮೆಲ್ಲಗೆ ಬಿಡಿ, ಮೆಲ್ಲಗೆ ಎಂದು ಹೇಳುತ್ತಿರುವಷ್ಟರಲ್ಲೇ ಕಾರು ಹೋಗಿ ಎದುರುಮನೆಯ ಗೇಟಿಗೆ ಹಣೆ ಚಚ್ಚಿಕೊಂಡಿತ್ತು. ಅವತ್ತೇ ಆ ವಿದ್ಯೆಗೊಂದು ದೊಡ್ಡ ನಮಸ್ಕಾರ ಹಾಕಿ ಪಕ್ಕದ ಸೀಟಿಗೆ ಜರುಗಿದವರು, ತಲೆ ಪೂರ್ತಿ ಬೆಳ್ಳಗಾದರೂ ಅದನ್ನು ಬಿಟ್ಟುಕೊಟ್ಟಿಲ್ಲ. ಓಡಿಸುವುದೆಲ್ಲ ಹೆಂಡತಿಯೇ. ಗಣಿತ ಹೇಳಿಕೊಟ್ಟು ನಿವೃತ್ತಿಯಾದ ಆಕೆಯನ್ನು ಬೀದಿಯವರೆಲ್ಲ ಟೀಚರಮ್ಮ ಎನ್ನುತ್ತಾರೆ. ಕಾರು ಅವರ ಅಪ್ಪನದು. ಗುಂಡು ಕಣ್ಣಿನ, ಕೆನೆ ಬಣ್ಣದ, ಬಾಗಿಲು ಹಾಕಿದರೆ ಕಬ್ಬಿಣದ ಬೀರುವಿನಷ್ಟು ಗಟ್ಟಿ ಸದ್ದು ಮಾಡುವ ಹಳೇ ಗಾಡಿ.

ಹೇಳಿದರೆ ನಗುತ್ತೀರಿ, ಈ ಗಂಡ ಹೆಂಡತಿ ನೆಮ್ಮದಿಯಾಗಿ ನಾಲ್ಕು ಮಾತಾಡುವುದು ಆ ಕಾರಿನಲ್ಲಿ ಮಾತ್ರ. ಮನೆಯಲ್ಲಿ ಎಲ್ಲಿ ಸಾಧ್ಯ? ಮುಂದಿನ ಕೋಣೆ ಮಾವನ ಹೊಲಿಗೆ ಅಂಗಡಿ, ಹಿಂದಿನ ಕೋಣೆಯಲ್ಲಿ ಟೀಚರಮ್ಮನ ಮನೆಪಾಠ. ಈ ಕಡೆ ಮಿಷನ್ನಿನ ಟಕಟಕ, ಆ ಕಡೆ ಮಗ್ಗಿ. ಊಟಕ್ಕೆ ಕೂತರೂ ಯಾರೋ ಒಬ್ಬರು ಪ್ಯಾಂಟು ಹಿಡಿದುಕೊಂಡು ಬಾಗಿಲಲ್ಲಿ ಕೆಮ್ಮುತ್ತಾರೆ. ಕಾರಿನಲ್ಲಾದರೆ ಆಕೆ ಎದ್ದು ಒಳಗೆ ಹೋಗುವಂತಿಲ್ಲ, ಇವರು ಓಡಿಹೋಗಿ ಮಿಷನ್ ಮುಂದೆ ಕೂರುವಂತಿಲ್ಲ. ಭಾನುವಾರ ಸಂಜೆ ನದಿ ದಂಡೆಯವರೆಗೆ ಹೋಗಿ ಬರುವಷ್ಟರಲ್ಲಿ ವಾರದ ಜಗಳ, ವಾರದ ರಾಜಿ ಎರಡೂ ಮುಗಿದಿರುತ್ತಿದ್ದವು.

ಆ ಕಾರಿನಲ್ಲಿ ಮಾವನಿಗೂ ಒಂದು ಕೆಲಸವಿತ್ತು. ಬ್ರೇಕ್ ಆಯಿಲ್ ನೋಡುವುದು. ಈಗಿನ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಆಯಿಲ್ ಡಬ್ಬಿ ಎದುರಿಗೇ ಕಾಣುತ್ತದೆ. ಈ ಕಾರು ಮಾಡಿದ ಪುಣ್ಯಾತ್ಮರು ಅದನ್ನು ಡ್ರೈವರ್ ಕಾಲಡಿ, ನೆಲದ ತಗಡಿನ ಕೆಳಗೆ ಹುಗಿದಿಟ್ಟಿದ್ದರು. ಕಾಲೆರಡನ್ನೂ ಬಾಗಿಲಾಚೆ ಚಾಚಿ, ಬೋರಲು ಮಲಗಿ, ಸ್ಟೇರಿಂಗ್ ಕೆಳಗೆ ತಲೆ ತೂರಿಸಿ, ಮ್ಯಾಟು ಮಡಿಸಿ, ತಗಡಿನ ಬಿಲ್ಲೆ ತೆಗೆದು, ಅದರಡಿಯ ಮುಚ್ಚಳ ಬಿಚ್ಚಿದರೆ ಆಯಿಲಿನ ದರ್ಶನ. ಮಾವ ಹಾಗೆ ಮಲಗಿ ಆಯಿಲ್ ಹುಯ್ಯುವಾಗ ಟೀಚರಮ್ಮ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುತ್ತಿದ್ದರು. ಇಡೀ ಬೀದಿಗೆ ಮಾವನ ಚಪ್ಪಲಿಯ ಅಟ್ಟೆ ಎಷ್ಟು ಸವೆದಿದೆಯೆಂದು ಗೊತ್ತಾಗುತ್ತಿದ್ದುದು ಆಗಲೇ.

ಹೋದ ವರ್ಷ ಮಾವನ ಬೆನ್ನು ಕೈಕೊಟ್ಟಿತು. ಬಗ್ಗಲೇಕೂಡದು ಎಂದರು ಡಾಕ್ಟರು. ಮಾವನಿಗೆ ಆ ಕೆಲಸವನ್ನು ಬೇರೆಯವರಿಗೆ ಬಿಡಲು ಮನಸ್ಸಿಲ್ಲ, ಮಾಡಲು ಮೈಯಿಲ್ಲ. ಮುಂದಿನ ವಾರ ನೋಡಿದರಾಯಿತು, ಅದರ ಮುಂದಿನ ವಾರ ನೋಡಿದರಾಯಿತು ಎಂದು ತಳ್ಳುತ್ತ ಬಂದರು. ಆಯಿಲ್ ಯಾರ ಮನಸ್ಸೂ ನೋಡುವುದಿಲ್ಲವಲ್ಲ, ಇಳಿಯುತ್ತ ಹೋಯಿತು. ಒಂದು ಸಂಜೆ ಮಾರ್ಕೆಟ್ಟಿನ ಇಳಿಜಾರಿನಲ್ಲಿ ಪೆಡಲ್ ಸೀದಾ ನೆಲಕ್ಕೆ ಹೋಗಿ ಕೂತುಬಿಟ್ಟಿತು. ಟೀಚರಮ್ಮ ಹ್ಯಾಂಡ್ ಬ್ರೇಕ್ ಎಳೆದು, ಯಾರೋ ಮನೆ ಕಟ್ಟಲು ತಂದು ಸುರಿದಿದ್ದ ಮರಳಿನ ಗುಡ್ಡೆಗೆ ಗಾಡಿ ನುಗ್ಗಿಸಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ, ಜೀವ ಮಾತ್ರ ಬಾಯಿಗೆ ಬಂದು ಹೋಯಿತು.

ಮನೆಗೆ ಬಂದ ಮೇಲೆ ಟೀಚರಮ್ಮ ಬೈಯಲಿಲ್ಲ. ಬೈದಿದ್ದರೆ ಮಾವನಿಗೆ ಎಷ್ಟೋ ಹಗುರವಾಗುತ್ತಿತ್ತು. ಊರಲ್ಲಿ ಹಳೇ ಕಾರುಗಳನ್ನು ಕೂಡಿಹಾಕುವ ಶೋಕಿಲಾಲನೊಬ್ಬನಿದ್ದ. ಈ ಕಾರಿನ ಮೇಲೆ ಅವನ ಕಣ್ಣು ಬಿದ್ದು ಯಾವ ಕಾಲವಾಯಿತೋ.

‘ಇನ್ನೊಂದೇ ಒಂದು ಸಲ ಬ್ರೇಕು ಆಟ ಆಡಲಿ,’ ಎಂದರು ಟೀಚರಮ್ಮ, ‘ಕೀ ತಗೊಂಡೋಗಿ ಶೋಕಿಲಾಲನ ಕೈಗೆ ಹಾಕ್ತೀನಿ. ಅಪ್ಪನ ಕಾರು ಅಂತ ಕಂಡೋರ ಮಕ್ಕಳ ಮೇಲೆ ಹತ್ತಿಸಕ್ಕಾಗತ್ತಾ?’

ಕಾರು ಹೋದರೆ ಆ ಸೀಟೂ ಹೋಯಿತು, ಭಾನುವಾರದ ಮಾತೂ ಹೋಯಿತು. ಇಷ್ಟು ವರ್ಷದ ಸಂಸಾರದಲ್ಲಿ ತನಗೆ ನಿಜವಾಗಿ ಬೇಕಾಗಿದ್ದು ಅದೊಂದೇ ಎಂದು ಮಾವನಿಗೆ ಅವತ್ತು ಹೊಳೆಯಿತು. ಆದರೆ ಹೆಂಡತಿಯ ಮುಂದೆ ಅದನ್ನು ಹೇಳುವುದಕ್ಕೆ ನಾಚಿಕೆ.

ಪುಣ್ಯಕ್ಕೆ ಸೊಸೆ ಇದ್ದಳು. ಮಗ ಆಸ್ಪತ್ರೆಯಲ್ಲಿ ನರ್ಸು, ಸೊಸೆಗೆ ಸ್ವಂತ ಗ್ಯಾರೇಜು. ನಮ್ಮನೇಲಿ ಮನುಷ್ಯರಿಗೂ ಗಾಡಿಗೂ ಇಬ್ಬರಿಗೂ ಚಿಕಿತ್ಸೆ ಸಿಗುತ್ತದೆ ಎಂಬುದು ಮಾವನ ಮಾಮೂಲಿ ಜಂಬ. ಅವಳು ಬಂದು ಕಾರಿನಡಿ ಮಲಗಿ ನೋಡಿ, ಆಯಿಲ್ ಇಳಿದದ್ದು ಬಿಟ್ಟರೆ ಬ್ರೇಕು ಕಲ್ಲುಗುಂಡಿನ ಹಾಗಿದೆ, ಆಯಿಲ್ ನೋಡುವ ಜಾಗವೇ ದರಿದ್ರ ಅಂದಳು. ಆ ನೆಲದಡಿಯ ಮುಚ್ಚಳ ತೆಗೆದು, ಅಲ್ಲಿಗೊಂದು ಪೈಪು ಜೋಡಿಸಿ, ಪೈಪನ್ನು ಮುಂದಕ್ಕೆ ತಂದು, ಬಾನೆಟ್ ಒಳಗೆ ಎತ್ತರದಲ್ಲಿ ಒಂದು ಬಿಳಿ ಡಬ್ಬಿ ಕೂರಿಸಿಬಿಡುತ್ತೇನೆ, ಇನ್ನು ಮೇಲೆ ನಿಂತುಕೊಂಡೇ ನೋಡಬಹುದು, ನಿಂತುಕೊಂಡೇ ಹುಯ್ಯಬಹುದು ಎಂದಳು. ಮಾವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಶನಿವಾರ ಅಂಗಡಿಗೆ ಬೀಗ ಹಾಕಿ ಮಾವ ಗ್ಯಾರೇಜಿಗೆ ಹೋಗಿ ಕೂತರು. ಕೂತರೆಂದರೆ ಕೂರುವ ಪೈಕಿಯೇ? ಪೈಪಿನ ಉದ್ದ ಅಳೆಯಲು ಸೊಸೆ ಕಣ್ಣಂದಾಜು ಮಾಡುತ್ತಿದ್ದರೆ, ಇವರು ಕುತ್ತಿಗೆಯ ಟೇಪು ತೆಗೆದು ಅಳತೆ ಹಿಡಿದರು. ಪೈಪು ಡಬ್ಬಿಯಿಂದ ಕೆಳಗಿನವರೆಗೆ ಇಳಿಯುತ್ತಲೇ ಹೋಗಬೇಕು, ನಡುವೆ ಎಲ್ಲಾದರೂ ಗೂನು ಬಂದರೆ ಗಾಳಿಗುಳ್ಳೆ ಅಲ್ಲೇ ಠಿಕಾಣಿ ಹೂಡುತ್ತದೆ ಎಂದು ಅವಳು ವಿವರಿಸಿದಳು. ಗೂನು ಬೆನ್ನಿನವರಿಗೂ ಕೋಟು ನೆಟ್ಟಗೆ ಕೂರಿಸಿದ ಕೈ ಇದು, ನನಗೆ ಹೇಳಬೇಡ ಎಂದರು ಮಾವ. ಸೀಮೆಸುಣ್ಣದಲ್ಲಿ ಗೆರೆ ಎಳೆದೇ ಪೈಪಿಗೆ ದಾರಿ ತೋರಿಸಿದರು.

ಡಬ್ಬಿ ಕೂತಿತು, ಆಯಿಲ್ ಬಿತ್ತು. ಇನ್ನು ಒಳಗಿನ ಗಾಳಿ ತೆಗೆಯಬೇಕು. ಸೊಸೆ ಚಕ್ರದ ಹತ್ತಿರ ಕೂತು ನಟ್ಟು ಸಡಿಲಿಸುವುದು, ಡ್ರೈವರ್ ಸೀಟಿನಲ್ಲಿ ಒಬ್ಬರು ಪೆಡಲ್ ಒತ್ತಿ ಹಿಡಿಯುವುದು. ಆ ಗೇಟಿನ ಪ್ರಸಂಗದ ನಂತರ ಮೊದಲ ಬಾರಿಗೆ ಮಾವ ಡ್ರೈವರ್ ಸೀಟಿನಲ್ಲಿ ಕೂತರು. ಪೆಡಲ್ ಸಿಕ್ಕಿದ್ದೇ ತಡ, ಅವರ ಕಾಲು ತನ್ನ ಪಾಡಿಗೆ ತಾನು ಹೊಲಿಯಲು ಶುರುಮಾಡಿತು.

‘ಮಾವ, ಒತ್ತಿ ಹಿಡ್ಕೊಳ್ಳಿ ಅಂದ್ರೆ ಹಿಡ್ಕೋಬೇಕು,’ ಚಕ್ರದ ಕಡೆಯಿಂದ ಸೊಸೆಯ ದನಿ ಬಂತು, ‘ನೀವು ಅಲ್ಲಿ ಜುಬ್ಬ ಹೊಲೀತಿದೀರಿ.’

ಅಂತೂ ಪೆಡಲ್ ಗಟ್ಟಿಯಾಯಿತು. ಕೆಲಸ ಮುಗಿಯುವ ಹೊತ್ತಿಗೆ ಒಂದೇ ಒಂದು ತೊಟ್ಟು ಆಯಿಲ್ ಮುಂಚಕ್ರದ ಮೇಲಿನ ಮಡ್ಗಾರ್ಡಿಗೆ ಬಿದ್ದು, ಒರೆಸುವಷ್ಟರಲ್ಲಿ ಬಣ್ಣ ಸುಕ್ಕುಗಟ್ಟಿತು. ಬ್ರೇಕ್ ಆಯಿಲ್ ಬಣ್ಣವನ್ನು ತಿಂದುಹಾಕುತ್ತದೆ, ಹುಯ್ಯುವಾಗ ಹುಷಾರು, ಈ ಗೆರೆಗಿಂತ ಮೇಲೆ ಹುಯ್ಯಬೇಡಿ ಎಂದು ಹೇಳಿ ಸೊಸೆ ಕೀ ಕೊಟ್ಟಳು. ಟೀಚರಮ್ಮ ಕಾರು ಓಡಿಸಿ ನೋಡಿ, ಬ್ರೇಕು ಮೊದಲಿಗಿಂತ ಚೆನ್ನಾಗಿದೆ ಎಂದರು. ಸುಕ್ಕುಗಟ್ಟಿದ ಬಣ್ಣದ ಮೇಲೆ ಮಾತ್ರ ಬೆರಳಾಡಿಸಿ, ಅಪ್ಪ ಹಾಕಿಸಿದ ಬಣ್ಣ ಎಂದರು.

ಆ ಒಂದು ಮಾತು ಮಾವನ ತಲೆಯೊಳಗೆ ಹುಳ ಬಿಟ್ಟಿತು. ಡಬ್ಬಿ ಸೋರಿದರೆ? ಧೂಳು ಬಿದ್ದರೆ? ಜೊತೆಗೆ, ಹೇಳಬಾರದು, ಅವರಿಗೆ ಕೈ ಖಾಲಿ ಅನ್ನಿಸುತ್ತಿತ್ತು. ಬಾನೆಟ್ ಎತ್ತಿದರೆ ಯಾರಿಗೂ ಕಾಣುವ ಡಬ್ಬಿಗೆ ಟೈಲರ್ ಮಾವನೇ ಏಕೆ ಬೇಕು? ಟೀಚರಮ್ಮ ಮನೆಪಾಠದಲ್ಲಿದ್ದಾಗ ಡಬ್ಬಿಯ ಅಳತೆ ತೆಗೆದರು. ಸೊಂಟ, ಎದೆ, ಕುತ್ತಿಗೆ. ಕಪ್ಪು ರೆಕ್ಸಿನ್ನಿನಲ್ಲಿ ಅಂಗಿ, ಒಳಗೆ ಮೆತ್ತನೆ ಲೈನಿಂಗು, ಆಯಿಲಿನ ಗೆರೆ ಕಾಣಲು ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ಕಿಟಕಿ. ಮುಚ್ಚಳಕ್ಕೊಂದು ಟೋಪಿ, ಓಡುವಾಗ ಹಾರದಿರಲೆಂದು ಸುತ್ತ ಅಂಟು ಹಾಕಿ ಕೂರಿಸಿದ್ದು. ಅವರು ಹೊಲಿದ ಅಂಗಿಯೊಳಗೆ ಗಾಳಿಯೂ ಅಪ್ಪಣೆ ಕೇಳಿಯೇ ಹೋಗಬೇಕು ಎಂದು ಬೀದಿಯಲ್ಲಿ ತಮಾಷೆ ಮಾಡುತ್ತಿದ್ದರು. ಈ ಅಂಗಿಯಂತೂ ಅದಕ್ಕೂ ಒಂದು ಕೈ ಮೇಲೆ. ತೊಡಿಸುವ ಮೊದಲು ಆಯಿಲನ್ನು ಕುತ್ತಿಗೆಯವರೆಗೆ ತುಂಬಿದರು. ಬೆಳೆಯುವ ಮಕ್ಕಳ ಅಂಗಿಗೆ ಒಳಗೊಂದಿಷ್ಟು ಬಟ್ಟೆ ಬಿಟ್ಟು ಹೊಲಿಯುವವರು, ಆಯಿಲಿಗೆ ಜಿಪುಣತನ ಮಾಡುತ್ತಾರೆಯೇ? ಸುದ್ದಿಯನ್ನು ನದಿ ದಂಡೆಯಲ್ಲಿ ಬಾನೆಟ್ ಎತ್ತಿ ತೋರಿಸಿಯೇ ಹೇಳಬೇಕೆಂದು ಬಾಯಿ ಬಿಗಿಹಿಡಿದುಕೊಂಡರು.

ಭಾನುವಾರ ಸಂಜೆ ಕಾರು ಹೊರಟಿತು. ಊರು ದಾಟುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಕಾರು ಯಾಕೋ ಭಾರವಾದಂತಾಯಿತು. ಟೀಚರಮ್ಮ ಗೇರು ಇಳಿಸಿದರು, ಆಕ್ಸಿಲರೇಟರ್ ಒತ್ತಿದರು. ಒತ್ತಿದಷ್ಟೂ ಇಂಜಿನ್ನು ಕೂಗುತ್ತದೆ, ಗಾಡಿ ಮಾತ್ರ ಹಿಂದಕ್ಕೆ ಯಾರೋ ಹಿಡಿದು ಜಗ್ಗಿದ ಹಾಗೆ. ಚಕ್ರದಿಂದ ಸುಟ್ಟ ವಾಸನೆ ಬಂತು. ಕಡೆಗೆ ನದಿ ಇನ್ನೂ ಕಣ್ಣಿಗೆ ಬೀಳದಿರುವಾಗಲೇ ಸಣ್ಣ ಇಳಿಜಾರಿನಲ್ಲಿ, ಒಂದು ಮರದ ಕೆಳಗೆ ಕಾರು ತಾನಾಗಿ ನಿಂತಿತು. ಬ್ರೇಕ್ ಒತ್ತಿರಲಿಲ್ಲ, ಆದರೂ ನಾಲ್ಕು ಚಕ್ರಗಳೂ ಹಲ್ಲು ಕಚ್ಚಿ ಹಿಡಿದಿದ್ದವು. ಅತ್ತ ದರಿ, ಇತ್ತ ಪುಲಿ. ಅವತ್ತು ಹಿಡಿಯಲೊಲ್ಲದ ಬ್ರೇಕು ಇವತ್ತು ಬಿಡಲೊಲ್ಲದು.

ಟೀಚರಮ್ಮ ಸೊಸೆಗೆ ಫೋನ್ ಮಾಡಿ ಎಲ್ಲ ಹೇಳಿದರು. ನಾನು ಕೊಟ್ಟ ಮೇಲೆ ಯಾರಾದರೂ ಮುಟ್ಟಿದರಾ ಎಂದು ಅವಳು ಕೇಳಿದ್ದು ಪಕ್ಕದ ಸೀಟಿಗೂ ಕೇಳಿಸಿತು. ಯಾರೂ ಮುಟ್ಟಿಲ್ಲ ಎಂದರು ಟೀಚರಮ್ಮ. ಸೊಸೆಯ ದನಿ ಸಣ್ಣದಾಗಿ ಬಂತು. ಹಾಗಾದರೆ ನನ್ನ ಕೆಲಸದಲ್ಲೇ ಏನೋ ಎಡವಟ್ಟಾಗಿದೆ, ಈಗಲೇ ಬರುತ್ತೇನೆ ಅಂದಳು. ನೀನೇನು ಮಾಡ್ತೀಯ ಬಿಡಮ್ಮ, ಅದರ ಋಣ ಇಷ್ಟೇ ಇತ್ತು, ನಾಳೆ ಶೋಕಿಲಾಲನಿಗೆ ಹೇಳಿಬಿಡ್ತೀನಿ ಎಂದರು ಟೀಚರಮ್ಮ. ಹೇಳುವಾಗ ಅವರ ಕೈ ಸ್ಟೇರಿಂಗನ್ನು ಸವರುತ್ತಿತ್ತು.

ಅಂಗಿಗೂ ಬ್ರೇಕಿಗೂ ಏನು ಸಂಬಂಧವೋ ಮಾವನಿಗೆ ತಿಳಿಯದು. ಇಲ್ಲದೆಯೂ ಇರಬಹುದು. ಸುಮ್ಮನಿದ್ದರೆ ಯಾರೂ ಕೇಳುವವರಿಲ್ಲ. ಆದರೆ ಮುಟ್ಟಿದ್ದಂತೂ ನಿಜ, ಆ ಹುಡುಗಿಯ ದನಿ ಸಣ್ಣದಾದದ್ದೂ ನಿಜ.

‘ನಾನು ಮುಟ್ಟಿದೀನಿ ಕಣೇ,’ ಎಂದರು. ‘ಡಬ್ಬಿಗೆ ಅಂಗಿ ಹೊಲಿದು ತೊಡಿಸಿದೀನಿ.’

ಟೀಚರಮ್ಮ ಗಂಡನನ್ನು ನೋಡಿದರು, ಕೈಯಲ್ಲಿದ್ದ ಫೋನನ್ನು ನೋಡಿದರು. ಫೋನೊಳಗಿಂದ ಸೊಸೆ, ಟೋಪೀನೂ ಇದೆಯಾ ಮಾವ, ಎಂದು ಕೇಳಿದಳು. ಇದೆ, ಅಂಟು ಹಾಕಿ ಕೂರಿಸಿದೀನಿ ಎಂದರು ಮಾವ. ಅಷ್ಟೇ ಸಾಕಾಯಿತು ಅವಳಿಗೆ. ಮುಚ್ಚಳದ ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತಿದೆಯಂತೆ, ಡಬ್ಬಿ ಉಸಿರಾಡುವುದು ಅದರಿಂದಲೇ. ಆಯಿಲ್ ಬಿಸಿಯಾಗಿ ಉಬ್ಬಿದಾಗ ಒಳಗಿನ ಗಾಳಿ ಹೊರಗೆ ಹೋಗಬೇಕು. ತೂತು ಮುಚ್ಚಿ, ಮೇಲಿಂದ ಕಂಠಮಟ್ಟ ತುಂಬಿಸಿದರೆ ಅದು ಉಬ್ಬಿ ಇನ್ನೆಲ್ಲಿಗೆ ಹೋದೀತು, ಬ್ರೇಕನ್ನೇ ಒತ್ತಿ ಹಿಡಿಯುತ್ತದೆ. ತೂತಿನ ವಿಷಯ ಅವಳು ಮೊದಲೇ ಹೇಳಿರಲಿಲ್ಲ, ನಿಜ. ಆದರೆ ಡಬ್ಬಿಗೆ ಟೋಪಿ ಹಾಕುವವರು ಲೋಕದಲ್ಲಿದ್ದಾರೆಂದು ಅವಳಿಗೇನು ಕನಸು ಬಿದ್ದಿತ್ತೇ?

ಮಾವ ಇಳಿದು ಬಾನೆಟ್ ಎತ್ತಿದರು. ಬಗ್ಗುವ ಕೆಲಸವಿಲ್ಲ, ನಿಂತುಕೊಂಡೇ ಟೋಪಿ ಕಿತ್ತು, ಕರವಸ್ತ್ರ ಒಡ್ಡಿ ಮುಚ್ಚಳ ತಿರುಗಿಸಿದರು. ಪುಸ್ಸೆಂದು ಡಬ್ಬಿ ನಿಟ್ಟುಸಿರು ಬಿಟ್ಟಿತು. ಕಾರು ತಾನಾಗಿ ಒಂದು ಗೇಣು ಮುಂದಕ್ಕೆ ಜರುಗಿತು, ಟೀಚರಮ್ಮ ಒಳಗಿನಿಂದಲೇ ಬ್ರೇಕ್ ಒತ್ತಿದರು, ನಿಂತಿತು. ಬಿಟ್ಟರು, ಜರುಗಿತು. ಅವರು ಹ್ಯಾಂಡ್ ಬ್ರೇಕ್ ಎಳೆದು ಇಳಿದು ಬಂದು ಡಬ್ಬಿಯ ಅಂಗಿಯನ್ನು ನೋಡಿದರು. ಕಿಟಕಿ ನೋಡಿದರು, ಕಾಲರು ನೋಡಿದರು. ಹೌದು, ಕಾಲರೂ ಇತ್ತು. ಟೀಚರಮ್ಮನಿಗೆ ನಗು ಒತ್ತರಿಸಿಕೊಂಡು ಬಂದು, ಕಾರಿಗೆ ಒರಗಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾವನ ಮುಖ ಮಾತ್ರ ಸಣ್ಣಗಾಗಿತ್ತು.

‘ಬಣ್ಣ ಹಾಳಾಗ್ಬಾರ್ದು ಅಂತ ಹೊಲಿದೆ,’ ಎಂದರು. ‘ಈ ಕಾರು ಕೊಟ್ಟುಬಿಟ್ರೆ ನಾವಿಬ್ರೂ ಎಲ್ಲಿ ಕೂತು ಮಾತಾಡೋದು ಹೇಳು? ನಂಗೆ ಅದೇ ದಿಗಿಲು.’

ಟೀಚರಮ್ಮನ ನಗು ನಿಂತಿತು. ಡಬ್ಬಿಯ ಪಕ್ಕದಲ್ಲಿದ್ದ ಟೋಪಿಯನ್ನು ಎತ್ತಿ ಗಂಡನ ಕೈಗಿಟ್ಟರು.

‘ಇಷ್ಟು ಚೆನ್ನಾಗಿ ಹೊಲಿದು ಎಸೆಯೋದೇನು? ಉಸಿರಾಡಕ್ಕೆ ಒಂದು ಕಾಜಾ ಹಾಕಿ. ನಿಧಾನಕ್ಕೆ ಹಾಕಿ, ನಂಗೇನೂ ಅವಸರ ಇಲ್ಲ.’

ಮಾವನ ಅಂಗಿಯ ಕಾಲರಿನಡಿ ದಾರ ಪೋಣಿಸಿದ ಸೂಜಿ ಯಾವಾಗಲೂ ಇರುತ್ತದೆ. ಜೇಬಿನಲ್ಲಿ ಪುಟ್ಟ ಕತ್ತರಿ. ಇಬ್ಬರೂ ಒಳಗೆ ಬಂದು ತಂತಮ್ಮ ಸೀಟಿನಲ್ಲಿ ಕೂತರು. ಗುಂಡಿ ಹಾಕುವ ಕಿಂಡಿಗೆ ಸುತ್ತ ಹೊಲಿಯುವಂತೆ, ಟೋಪಿಯ ನೆತ್ತಿಯಲ್ಲಿ ಸಣ್ಣ ಕಿಂಡಿ ಕತ್ತರಿಸಿ, ಮಾವ ಒಂದೊಂದೇ ಗಂಟು ಬಿಗಿಯುತ್ತ ಕಾಜಾ ಹಾಕಿದರು. ಚಕ್ರಗಳು ತಣ್ಣಗಾಗುವವರೆಗೆ ಆ ವಾರದ್ದು, ಹಿಂದಿನ ವಾರದ್ದು, ಮರಳಿನ ಗುಡ್ಡೆಯ ದಿನ ಆಡದೆ ಉಳಿದಿದ್ದು ಎಲ್ಲ ಮಾತಾಡಿದರು. ಡಬ್ಬಿಯಲ್ಲಿ ಹೆಚ್ಚಾಗಿದ್ದ ಆಯಿಲನ್ನು ಸೊಸೆಯೇ ಬಂದು ತೆಗೆದಳು. ಕಾಜಾ ನೋಡಿ, ಮುಚ್ಚಳದ ತೂತಿಗೆ ಸರಿಯಾಗಿ ಕೂತಿದೆ ಎಂದು ಒಪ್ಪಿದಳು. ಶೋಕಿಲಾಲನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಮುಂದಿನ ಭಾನುವಾರ ಮಾವ ಅಂಗಡಿಯಲ್ಲಿ ಗಿರಾಕಿಯೊಬ್ಬನ ತೋಳಿನ ಅಳತೆ ಹಿಡಿದಿದ್ದಾಗ ಹೊರಗೆ ಬಾನೆಟ್ ಎತ್ತಿದ ಸದ್ದಾಯಿತು. ಹಿಂದೆಯೇ ಟೀಚರಮ್ಮನ ದನಿ.

‘ರೀ, ಟಾರ್ಚ್ ತಗೊಂಡು ಬನ್ನಿ. ಆಯಿಲ್ ಎಲ್ಲಿವರೆಗಿದೆ ಅಂತ ನಂಗೆ ಸರಿಯಾಗಿ ಕಾಣ್ತಿಲ್ಲ.’

ಹೊರಗೆ ಬಿಸಿಲು ಸುರಿಯುತ್ತಿತ್ತು. ಡಬ್ಬಿಯ ಕಿಟಕಿಯೊಳಗಿನ ಗೆರೆ ಅಂಗಡಿಯ ಬಾಗಿಲಿಗೇ ಕಾಣುವಂತಿತ್ತು. ಕೋಣೆಯ ಆ ಮೂಲೆಯಲ್ಲಿ ಕೂತ ಮಗು ಲೆಕ್ಕ ಕೂಡಿಸುವಾಗ ದಶಕ ಬಿಟ್ಟರೆ ಈ ಮೂಲೆಯಿಂದ ಕಂಡುಹಿಡಿಯುವ ಕಣ್ಣು ಟೀಚರಮ್ಮನದು. ಗಿರಾಕಿಗೆ ಹಾಗೇ ಕೈ ಚಾಚಿಕೊಂಡು ನಿಂತಿರಲು ಹೇಳಿ, ಮಾವ ಟಾರ್ಚ್ ಹುಡುಕಲು ಹೋದರು.